ಒಂದು ಕೇಂದ್ರ, ಮೂರು ದಾರಿ: ಫ್ರೆಡರಿಕ್‌ನ ಡಬ್ಲ್ಯುಡಬ್ಲ್ಯುಎಫ್‌ಡಿ ಬಾನುಲಿ ಕೇಂದ್ರದ ಕೇಳುಗರನ್ನು ಎಣಿಸುವ ಬಗೆ

2018ರ ಜುಲೈ 16ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ನಗರದಲ್ಲಿ ಹಳೆಯ ಎಎಂ ರೇಡಿಯೋದ ಮುಳ್ಳನ್ನು 820 ಕಿಲೋಹರ್ಟ್ಸ್‌ಗೆ ತಿರುಗಿಸಿದವರಿಗೆ ಹಾಡಿನ ಬದಲು ಭೋರೆಂಬ ಸದ್ದು ಕೇಳಿಸತೊಡಗಿತು. ಯಂತ್ರ ಕೆಟ್ಟಿರಲಿಲ್ಲ. ಡಬ್ಲ್ಯುಡಬ್ಲ್ಯುಎಫ್‌ಡಿ ಎಂಬ ಆ ಕೇಂದ್ರವು ಅಮೆರಿಕದ ಸಂಪರ್ಕ ಆಯೋಗದಿಂದ, ಅಂದರೆ ಎಫ್‌ಸಿಸಿಯಿಂದ, ವಿಶೇಷ ಪ್ರಾಯೋಗಿಕ ಅನುಮತಿ ಪಡೆದು ತನ್ನ ಅನಲಾಗ್ ಪ್ರಸಾರವನ್ನು ಸಂಪೂರ್ಣವಾಗಿ ನಿಲ್ಲಿಸಿ, ಅದೇ ತರಂಗಾಂತರದಲ್ಲಿ ಶುದ್ಧ ಡಿಜಿಟಲ್ ಪ್ರಸಾರವನ್ನು ಆರಂಭಿಸಿತ್ತು. ಎಚ್‌ಡಿ ರೇಡಿಯೋ ಎಂಬ ಡಿಜಿಟಲ್ ರೇಡಿಯೋ ಅಳವಡಿಸಿದ ಕಾರುಗಳಲ್ಲಿ ಅದೇ 820ರಲ್ಲಿ ಗರಗರ ಸದ್ದಿಲ್ಲದ ಸ್ಟೀರಿಯೋ ಸಂಗೀತ ಬರುತ್ತಿತ್ತು, ಪರದೆಯ ಮೇಲೆ ಹಾಡಿನ ಹೆಸರು ಮೂಡುತ್ತಿತ್ತು. ಉಳಿದವರಿಗಾಗಿ 94.3 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಶಕ್ತಿಯ ಒಂದು ಎಫ್‌ಎಂ ಟ್ರಾನ್ಸ್‌ಲೇಟರ್, ಅಂದರೆ ಮರುಪ್ರಸಾರಕ, ಇತ್ತು. ‘ದಿ ಗ್ಯಾಮಟ್’ ಎಂಬ ಹೆಸರಿನ ಇದೇ ಸಂಗೀತ ಸೇವೆಯು ಅದೇ ಒಡೆತನದ ವಾಷಿಂಗ್ಟನ್‌ನ ಸುದ್ದಿ ಕೇಂದ್ರ ಡಬ್ಲ್ಯುಟಿಒಪಿಯ ಒಂದು ಎಚ್‌ಡಿ ಉಪವಾಹಿನಿಯಲ್ಲೂ, ಅಂದರೆ ಅದರ ಡಿಜಿಟಲ್ ಪ್ರಸಾರದೊಳಗಿನ ಹೆಚ್ಚುವರಿ ವಾಹಿನಿಯಲ್ಲೂ, ಹರಿಯುತ್ತಿತ್ತು.

ಈ ಪ್ರಯೋಗದ ತಾಂತ್ರಿಕ ಮುಖದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನನ್ನ ಆಸಕ್ತಿ ಇರುವುದು ಬೇರೊಂದು ಪ್ರಶ್ನೆಯಲ್ಲಿ. ಒಂದೇ ಹಾಡು ಮೂರು ದಾರಿಯಲ್ಲಿ ಮನೆ ಮತ್ತು ಕಾರುಗಳನ್ನು ತಲುಪುವಾಗ, ಆ ಮೂರರಲ್ಲಿ ಒಂದೂ ಪೂರ್ಣ ಶಕ್ತಿಯ ಅನಲಾಗ್ ಎಫ್‌ಎಂ ಕೇಂದ್ರವಲ್ಲದಿರುವಾಗ, ಅದನ್ನು ಕೇಳುವವರು ಎಷ್ಟು ಜನ ಎಂದು ಹೇಳುವುದು ಹೇಗೆ? ಕೇಳುಗರ ಲೆಕ್ಕವನ್ನು ದೊಡ್ಡದಾಗಿ ಕಾಣಿಸುವುದು ಮತ್ತು ಅದನ್ನು ಬಿಡಿಸಿ ತಿಳಿಯುವುದು ಇಂಥ ಕೇಂದ್ರಕ್ಕೆ ಎರಡು ಬೇರೆ ಬೇರೆ ಗುರಿಗಳಾಗಿಬಿಡುತ್ತವೆ ಮತ್ತು ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ ಎಂಬುದೇ ಈ ಪ್ರಕರಣದಿಂದ ನನಗೆ ಕಾಣುವ ಮುಖ್ಯ ಸಂಗತಿ.

ಪ್ರಕರಣದ ಹಿನ್ನೆಲೆ

ಅಮೆರಿಕದಲ್ಲಿ ಈ ಬಗೆಯ ಡಿಜಿಟಲ್ ಬಾನುಲಿಗೆ ಎಫ್‌ಸಿಸಿ ಒಪ್ಪಿಗೆ ಕೊಟ್ಟದ್ದು 2002ರ ಅಕ್ಟೋಬರ್‌ನಲ್ಲಿ. ಐಬಿಕ್ವಿಟಿ ಎಂಬ ಕಂಪನಿ ರೂಪಿಸಿದ ಆ ವ್ಯವಸ್ಥೆಯಲ್ಲಿ ಕೇಂದ್ರಕ್ಕೆ ಹೊಸ ತರಂಗಾಂತರ ಬೇಕಿಲ್ಲ. ಇರುವ ಅನಲಾಗ್ ಎಫ್‌ಎಂ ತರಂಗದ ಎರಡೂ ಅಂಚುಗಳಲ್ಲಿ ಸಣ್ಣ ಶಕ್ತಿಯ ಡಿಜಿಟಲ್ ಪಟ್ಟಿಗಳನ್ನು ಸೇರಿಸಲಾಗುತ್ತದೆ. ಆ ಪಟ್ಟಿಗಳ ಶಕ್ತಿ ಮೊದಲು ಅನಲಾಗ್ ಶಕ್ತಿಯ ಶೇ. 1ರಷ್ಟಕ್ಕೆ ಸೀಮಿತವಾಗಿತ್ತು, ಒಳಾಂಗಣಗಳಲ್ಲಿ ಡಿಜಿಟಲ್ ಸಿಗುವುದಿಲ್ಲವೆಂಬ ದೂರುಗಳ ನಂತರ 2010ರಲ್ಲಿ ಅದನ್ನು ಶೇ. 10ರವರೆಗೆ ಏರಿಸಲು ಅವಕಾಶ ಸಿಕ್ಕಿತು. ಡಿಜಿಟಲ್ ಪಟ್ಟಿಯಲ್ಲಿ ಮೂಲ ಕಾರ್ಯಕ್ರಮದ ಜೊತೆಗೆ ಎರಡನೆಯ, ಮೂರನೆಯ ವಾಹಿನಿಗಳನ್ನೂ ತುರುಕಬಹುದು. ಇವೇ ಎಚ್‌ಡಿ-2, ಎಚ್‌ಡಿ-3 ಎಂದು ಕರೆಸಿಕೊಳ್ಳುವ ಉಪವಾಹಿನಿಗಳು.

ಟ್ರಾನ್ಸ್‌ಲೇಟರ್‌ಗಳ ಕತೆ ಇನ್ನೂ ಹಳೆಯದು. ಗುಡ್ಡದ ಮರೆಯಲ್ಲಿರುವ ಊರಿಗೆ ದೂರದ ಎಫ್‌ಎಂ ಕೇಂದ್ರವನ್ನು ಹಿಡಿದು ಇನ್ನೊಂದು ತರಂಗಾಂತರದಲ್ಲಿ ಮತ್ತೆ ಬಿತ್ತರಿಸುವ ಪುಟ್ಟ ಪ್ರಸಾರಕಗಳು ಇವು. ಇವುಗಳ ಗರಿಷ್ಠ ಶಕ್ತಿ 250 ವ್ಯಾಟ್, ಮತ್ತು ಇವು ಸ್ವಂತವಾಗಿ ಕಾರ್ಯಕ್ರಮ ಹುಟ್ಟಿಸುವಂತಿಲ್ಲ. ಇನ್ನೊಂದು ಪರವಾನಗಿ ಪಡೆದ ಕೇಂದ್ರದ ದನಿಯನ್ನೇ ಮರುಪ್ರಸಾರ ಮಾಡಬೇಕು. 2009ರಲ್ಲಿ ಎಎಂ ಕೇಂದ್ರಗಳೂ ಇವನ್ನು ಬಳಸಬಹುದೆಂದು ಎಫ್‌ಸಿಸಿ ಹೇಳಿದಾಗ ಚಿತ್ರವೇ ಬದಲಾಯಿತು. ಸೊರಗುತ್ತಿದ್ದ ಎಎಂ ಕೇಂದ್ರಕ್ಕೆ ಒಂದು ಎಫ್‌ಎಂ ವಿಳಾಸ ಸಿಕ್ಕಿತು. ಎಚ್‌ಡಿ ಉಪವಾಹಿನಿಯನ್ನೂ ಟ್ರಾನ್ಸ್‌ಲೇಟರ್ ಮೂಲಕ ಮರುಪ್ರಸಾರ ಮಾಡಬಹುದಾದ್ದರಿಂದ, ಕೆಲವೇ ಕಾರುಗಳಲ್ಲಿ ಸಿಗುತ್ತಿದ್ದ ಉಪವಾಹಿನಿ ಎಲ್ಲ ರೇಡಿಯೋಗಳಲ್ಲೂ ಸಿಗುವ ಎಫ್‌ಎಂ ಕೇಂದ್ರದಂತೆ ಮೆರೆಯತೊಡಗಿತು. ಕೇಳುಗರ ಮಟ್ಟಿಗೆ ಅದು ಒಂದು ಎಫ್‌ಎಂ ಕೇಂದ್ರ, ಅಷ್ಟೆ. ಕಾನೂನಿನ ಕಣ್ಣಿಗೆ ಅದು ಇನ್ನೊಂದರ ನೆರಳು. ಈ ಎರಡರ ನಡುವಿನ ಅಂತರವೇ ಕೇಳುಗರ ಲೆಕ್ಕ ಕೊಡುವ ರೇಟಿಂಗ್ ಪಟ್ಟಿಯಲ್ಲಿ ಗೊಂದಲವಾಗಿ ಹೊರಬೀಳುತ್ತದೆ.

ಡಬ್ಲ್ಯುಡಬ್ಲ್ಯುಎಫ್‌ಡಿಯ ಒಡೆಯ ಹಬ್ಬರ್ಡ್ ಸಂಸ್ಥೆ. 2011ರಲ್ಲಿ ಬಾನವಿಲ್ ಸಂಸ್ಥೆಯಿಂದ ವಾಷಿಂಗ್ಟನ್, ಶಿಕಾಗೊ ಮುಂತಾದ ನಗರಗಳ 17 ಕೇಂದ್ರಗಳನ್ನು ಕೊಂಡಾಗ ಇದೂ ಆ ಗುಂಪಿನಲ್ಲಿತ್ತು. ಹಗಲು 4,300 ವ್ಯಾಟ್, ರಾತ್ರಿ 430 ವ್ಯಾಟ್ ಶಕ್ತಿಯ ಕೇಂದ್ರ ಇದು. ಅದೇ 820ರಲ್ಲಿ ಟೆಕ್ಸಾಸ್‌ನ ಡಬ್ಲ್ಯುಬಿಎಪಿ ಎಂಬ ದೊಡ್ಡ ಕೇಂದ್ರ ರಾತ್ರಿಯಿಡೀ ದೇಶದ ಉದ್ದಗಲಕ್ಕೆ ಹರಡುವುದರಿಂದ ಫ್ರೆಡರಿಕ್‌ನ ಕೇಂದ್ರವು ಕತ್ತಲಾದ ಮೇಲೆ ದನಿ ತಗ್ಗಿಸಲೇಬೇಕು. ಕೇಂದ್ರದ ಕಾರ್ಯಕ್ರಮ ನಿರ್ದೇಶಕರೂ ಪ್ರಸಾರ ಎಂಜಿನಿಯರರೂ ಆಗಿದ್ದ ಡೇವ್ ಕೊಲೆಸಾರ್ ಪ್ರಯೋಗದ ಮುಂದಾಳು. ಹಾಡು ಆರಿಸುವ ಕೈಯೇ ಪ್ರಸಾರಕವನ್ನೂ ತಿದ್ದುವ ಕೈಯಾಗಿರುವುದು ಇಂದಿನ ಬಾನುಲಿಯಲ್ಲಿ ಅಪರೂಪ, ಮತ್ತು ಈ ಪ್ರಯೋಗದ ಧೈರ್ಯಕ್ಕೆ ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಪ್ರಯೋಗವನ್ನು ಸಾಧ್ಯವಾಗಿಸಿದ್ದು ಮಾತ್ರ 94.3ರ ಟ್ರಾನ್ಸ್‌ಲೇಟರ್. ಅನಲಾಗ್ ಕೇಳುಗರಿಗೆ ಹೋಗಲು ಒಂದು ಜಾಗವಿದ್ದುದರಿಂದಲೇ 820ರ ಅನಲಾಗನ್ನು ಆರಿಸಲು ಸಾಧ್ಯವಾಯಿತು.

ಎಣಿಸುವ ಯಂತ್ರ

ಅಮೆರಿಕದಲ್ಲಿ ಬಾನುಲಿ ಕೇಳುಗರ ಲೆಕ್ಕವೆಂದರೆ ಬಹುಮಟ್ಟಿಗೆ ನೀಲ್ಸನ್ ಎಂಬ ಸಮೀಕ್ಷಾ ಸಂಸ್ಥೆ ಕೊಡುವ ಲೆಕ್ಕ. ಅದಕ್ಕೆ ಮುಂಚೆ ಈ ಕೆಲಸ ಆರ್ಬಿಟ್ರಾನ್ ಸಂಸ್ಥೆಯದಾಗಿತ್ತು; 2013ರ ಸೆಪ್ಟೆಂಬರ್‌ನಲ್ಲಿ ನೀಲ್ಸನ್ ಅದನ್ನು ಕೊಂಡಿತು. ಸಣ್ಣ ಊರುಗಳಲ್ಲಿ ಕಾಗದದ ಡೈರಿ ಪದ್ಧತಿ ಇದೆ. ಆಯ್ದ ವ್ಯಕ್ತಿಯು ಒಂದು ವಾರ ತಾನು ಕೇಳಿದ ಕೇಂದ್ರದ ಹೆಸರನ್ನೋ ಅಂಕಿಯನ್ನೋ ಬರೆದು ಕಳುಹಿಸಬೇಕು. ದೊಡ್ಡ ನಗರಗಳಲ್ಲಿ 2007ರಿಂದ, ಮೊದಲು ಫಿಲಡೆಲ್ಫಿಯಾ ಮತ್ತು ಹ್ಯೂಸ್ಟನ್‌ಗಳಲ್ಲಿ, ಪಿಪಿಎಂ ಎಂಬ ಕಿಸೆಯ ಮೀಟರ್ ಬಂತು. ಪೇಜರ್‌ನಂಥ ಈ ಪುಟ್ಟ ಸಾಧನವನ್ನು ಆಯ್ದ ಕುಟುಂಬದ ಆರು ವರ್ಷ ಮೇಲ್ಪಟ್ಟ ಎಲ್ಲರೂ ದಿನವಿಡೀ ಜೊತೆಯಲ್ಲಿಟ್ಟುಕೊಳ್ಳಬೇಕು.

ಮೀಟರ್ ತರಂಗಾಂತರವನ್ನು ನೋಡುವುದಿಲ್ಲ, ದನಿಯನ್ನು ಕೇಳುತ್ತದೆ. ಪ್ರತಿ ಕೇಂದ್ರದ ದನಿಯೊಳಗೆ ಎನ್‌ಕೋಡರ್ ಎಂಬ ಪೆಟ್ಟಿಗೆ ಆ ಕೇಂದ್ರದ ಗುರುತನ್ನು ಸಣ್ಣ ಸ್ವರಗಳ ರೂಪದಲ್ಲಿ, ಹಾಡಿನ ಮರೆಯಲ್ಲಿ, ಮನುಷ್ಯನ ಕಿವಿಗೆ ತಿಳಿಯದಂತೆ ಬೆರೆಸುತ್ತದೆ. ಕಾಲು ಗಂಟೆಯಲ್ಲಿ ನಿಗದಿತ ನಿಮಿಷಗಳಷ್ಟು ಕಾಲ ಆ ಗುರುತು ಮೀಟರ್‌ಗೆ ಬಿದ್ದರೆ ಆ ಕಾಲು ಗಂಟೆಯ ಕೇಳುವಿಕೆ ಕೇಂದ್ರದ ಖಾತೆಗೆ ಸೇರುತ್ತದೆ. ನಿಗದಿ ಬಹುಕಾಲ ಐದು ನಿಮಿಷವಾಗಿತ್ತು. 2025ರ ಜನವರಿಯಿಂದ ಮೂರು ನಿಮಿಷವಾಗಿದೆ.

ಇದರಿಂದ ಹೊರಡುವ ಪರಿಣಾಮವೊಂದನ್ನು ನಿಧಾನವಾಗಿ ನೋಡಬೇಕು. ಗುರುತು ದನಿಯೊಳಗೇ ಇರುವುದರಿಂದ, ಆ ದನಿ ಯಾವ ದಾರಿಯಲ್ಲಿ ಹೋದರೂ ಗುರುತೂ ಜೊತೆಯಲ್ಲೇ ಹೋಗುತ್ತದೆ. ಸ್ಟುಡಿಯೋದಲ್ಲಿಯೇ ಒಂದು ಎನ್‌ಕೋಡರ್ ಇಟ್ಟು, ಅಲ್ಲಿಂದ ಹೊರಟ ದನಿಯನ್ನು 820ರ ಡಿಜಿಟಲ್ ಪ್ರಸಾರಕ್ಕೂ 94.3ಕ್ಕೂ ಉಪವಾಹಿನಿಗೂ ಕೊಟ್ಟರೆ, ಮೀಟರ್ ಪಾಲಿಗೆ ಮೂರೂ ಒಂದೇ. ಹೀಗೆ ಮಾಡಿದಾಗ ಲೆಕ್ಕ ಒಟ್ಟುಗೂಡಿ ದೊಡ್ಡದಾಗಿ ಕಾಣುತ್ತದೆ, ಆದರೆ 820ರ ಡಿಜಿಟಲ್ ಪ್ರಸಾರವನ್ನು ಯಾರಾದರೂ ಕೇಳುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವೇ ಇರುವುದಿಲ್ಲ. ಪ್ರತಿ ದಾರಿಯ ಬಾಯಲ್ಲೂ ಪ್ರತ್ಯೇಕ ಎನ್‌ಕೋಡರ್ ಇಟ್ಟರೆ ಉತ್ತರ ಸಿಗುತ್ತದೆ, ಆದರೆ ಚಿಕ್ಕ ಸಂಖ್ಯೆ ಮೂರು ಹೋಳಾಗಿ ಪ್ರತಿ ಹೋಳೂ ಪಟ್ಟಿಗೆ ಏರದಷ್ಟು ಸಣ್ಣದಾಗುತ್ತದೆ. ಅಂದರೆ ರೇಟಿಂಗ್ ಎಂಬ ಸಂಖ್ಯೆಯ ಅರ್ಥವು ಕೇಳುಗನಿಗಿಂತ ಮೊದಲು, ಎನ್‌ಕೋಡರ್ ಪೆಟ್ಟಿಗೆಯನ್ನು ತಂತಿಯ ಯಾವ ಜಾಗದಲ್ಲಿ ಸೇರಿಸಿದ್ದಾರೆ ಎಂಬುದರಿಂದ ನಿರ್ಧಾರವಾಗುತ್ತದೆ.

ನಡುವಿನ ದಾರಿಯೊಂದಿದೆ. ಎರಡು ಮೂರು ಪ್ರಸಾರಗಳು ಜಾಹೀರಾತು ಸಹಿತ ಸಂಪೂರ್ಣ ಒಂದೇ ಆಗಿದ್ದರೆ ಅವುಗಳ ಲೆಕ್ಕವನ್ನು ಕೂಡಿಸಿ ಒಂದೇ ಸಾಲಿನಲ್ಲಿ ತೋರಿಸಲು ನೀಲ್ಸನ್‌ನಲ್ಲಿ ಅವಕಾಶವಿದೆ. ಒಂದೇ ಸುದ್ದಿ ಪ್ರಸಾರವನ್ನು ವಾಷಿಂಗ್ಟನ್‌ನ 103.5, ಫ್ರೆಡರಿಕ್ ಪಕ್ಕದ ಬ್ರ್ಯಾಡಕ್ ಹೈಟ್ಸ್‌ನ 103.9 ಮತ್ತು ವರ್ಜೀನಿಯಾದ ಮನಾಸಸ್‌ನ 107.7ರಲ್ಲಿ ಬಿತ್ತರಿಸುವ ಡಬ್ಲ್ಯುಟಿಒಪಿಯಂಥ ಕೇಂದ್ರಕ್ಕೆ ಇಂಥ ಸೌಲಭ್ಯ ಹೇಳಿ ಮಾಡಿಸಿದಂತಿದೆ. ಅಲ್ಲಿ ಮೂರೂ ಪೂರ್ಣ ಪ್ರಮಾಣದ ಪರವಾನಗಿ ಇರುವ ಕೇಂದ್ರಗಳು. ಟ್ರಾನ್ಸ್‌ಲೇಟರ್‌ಗೂ ತನ್ನದೇ ಪರವಾನಗಿ ಇದ್ದರೂ ಅಂಥ ಪೂರ್ಣ ಸ್ಥಾನಮಾನವಿಲ್ಲ, ಅದು ಇನ್ನೊಂದು ಕೇಂದ್ರದ ದನಿಯನ್ನೇ ಹೊತ್ತು ನಡೆಯಬೇಕು. ಒಂದೇ ಒಡೆಯನ ಮನೆಯೊಳಗೇ ದೊಡ್ಡ ಕೇಂದ್ರಕ್ಕೆ ಒಂದು ನ್ಯಾಯ, ಸಣ್ಣ ಕೇಂದ್ರಕ್ಕೆ ಇನ್ನೊಂದು ಸ್ಥಿತಿ. ಯಾರ ದುರುದ್ದೇಶದಿಂದಲೂ ಅಲ್ಲ, ಎಣಿಕೆಯ ರಚನೆಯಿಂದಲೇ.

ಹೊಸ್ತಿಲಿನ ಎತ್ತರ

ಪಿಪಿಎಂ ನಗರಗಳಲ್ಲಿ ಒಂದು ಕೇಂದ್ರ ವರದಿಯಲ್ಲಿ ಕಾಣಿಸಿಕೊಳ್ಳಬೇಕಾದರೆ ವಾರಕ್ಕೆ ಒಮ್ಮೆಯಾದರೂ ಅದನ್ನು ಕೇಳಿದವರ ಪ್ರಮಾಣ ಆ ಮಹಾನಗರ ವಲಯದ ಜನಸಂಖ್ಯೆಯ ಶೇ. 0.495 ಆಗಿರಬೇಕು. ಕೇಳಲು ಇದು ಅತಿ ಚಿಕ್ಕ ಹೊಸ್ತಿಲು. ಫ್ರೆಡರಿಕ್ ಕೌಂಟಿ ವಾಷಿಂಗ್ಟನ್ ಮಹಾನಗರ ಪ್ರದೇಶದ ವಾಯವ್ಯದ ಅಂಚು. ಮಹಾನಗರದ ಎಣಿಕೆಗೆ ಸೇರುವ ಜನರನ್ನು ಲೆಕ್ಕದ ಅನುಕೂಲಕ್ಕಾಗಿ 50 ಲಕ್ಷ ಎಂದಿಟ್ಟುಕೊಳ್ಳೋಣ. ಆಗ ಹೊಸ್ತಿಲು 24,750 ಜನ. 2020ರ ಜನಗಣತಿಯ ಪ್ರಕಾರ ಫ್ರೆಡರಿಕ್ ನಗರದ ಜನಸಂಖ್ಯೆ 78,171. ಇಡೀ ಕೌಂಟಿಯದು 2,71,717. ಅಂದರೆ ಕೌಂಟಿಯ ಪ್ರತಿ ಹನ್ನೊಂದು ಜನರಲ್ಲಿ ಒಬ್ಬರು, ಮಕ್ಕಳು ಮುದುಕರನ್ನು ಸೇರಿಸಿ, ಪ್ರತಿ ವಾರ ‘ದಿ ಗ್ಯಾಮಟ್’ ಕೇಳಿದರೆ ಮಾತ್ರ ಆ ಕೇಂದ್ರ ಮಹಾನಗರದ ಪಟ್ಟಿಯ ತಳಭಾಗದಲ್ಲಿ ಒಂದು ಸಾಲಾಗಿ ಕಾಣಿಸಿಕೊಳ್ಳುತ್ತದೆ. ತನ್ನ ಊರಿನಲ್ಲಿ ಜನಪ್ರಿಯವೆನಿಸುವ ಕೇಂದ್ರವೂ ದೊಡ್ಡ ಪಟ್ಟಿಯಲ್ಲಿ ಅಳಿಸಿಹೋಗಲು ಇಷ್ಟು ಸಾಕು.

ಇದರ ಕೆಳಗೆ ಇನ್ನೂ ತೆಳುವಾದ ನೆಲವಿದೆ. ಇಡೀ ಮಹಾನಗರದಲ್ಲಿ 1,500 ಮೀಟರ್‌ಗಳಿವೆ ಎಂದು ಭಾವಿಸಿದರೆ ಪ್ರತಿ ಮೀಟರ್ ಸುಮಾರು 3,300 ಜನರ ಪ್ರತಿನಿಧಿ. ಜನಸಂಖ್ಯೆಯ ಅನುಪಾತದಲ್ಲಿ ಹಂಚಿದರೆ ಫ್ರೆಡರಿಕ್ ಕೌಂಟಿಗೆ ಬರುವುದು 80ರ ಆಸುಪಾಸು. ಹೊಸ್ತಿಲು ದಾಟಲು ಬೇಕಾದದ್ದು ಏಳೆಂಟು ಮೀಟರ್. ಮೀಟರ್‌ಗಳನ್ನು ಕೊಡುವುದು ಕುಟುಂಬಕ್ಕೆ ಎಂಬುದನ್ನು ಇಲ್ಲಿ ನೆನೆಯಬೇಕು. ನಾಲ್ಕು ಜನರ ಒಂದು ಮನೆಯಲ್ಲಿ ಬೆಳಗಿನ ಹೊತ್ತು ಅಡುಗೆಮನೆಯ ರೇಡಿಯೋ 94.3ರಲ್ಲಿ ಹಾಡುತ್ತಿದ್ದರೆ ಅರ್ಧ ರೇಟಿಂಗ್ ಆ ಒಂದು ಅಡುಗೆಮನೆಯದೇ. ಆ ಕುಟುಂಬದ ಸರದಿ ಮುಗಿದು ಮೀಟರ್ ಹಿಂದಿರುಗಿಸಿದ ತಿಂಗಳು ಕೇಂದ್ರದ ಕೇಳುಗರು ಅರ್ಧಕ್ಕೆ ಇಳಿದಂತೆ ವರದಿ ಹೇಳುತ್ತದೆ. ಕಾರ್ಯಕ್ರಮದಲ್ಲಿ ಒಂದು ಹಾಡೂ ಬದಲಾಗಿರುವುದಿಲ್ಲ. ಇಂಥ ಸಂಖ್ಯೆಯನ್ನು ಮೂರು ದಾರಿಗಳಿಗೆ ಹಂಚಲು ಹೊರಟರೆ 820ರ ಡಿಜಿಟಲ್ ಪ್ರಸಾರದ ಅಳಿವು ಉಳಿವು ಎರಡು ಮೂರು ಮೀಟರ್‌ಗಳ ಮೇಲೆ, ಬಹುಶಃ ಒಂದೇ ಕಾರಿನ ಮೇಲೆ, ನಿಂತಂತಾಗುತ್ತದೆ. ಪ್ರತ್ಯೇಕ ಎನ್‌ಕೋಡರ್ ಇಟ್ಟರೂ ತಿಳಿವಳಿಕೆ ಪೂರ್ಣವಾಗಿ ದಕ್ಕುವುದಿಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ.

‘ಗ್ಯಾಮಟ್’ ಎಂದರೆ ಸ್ವರಗಳ ಸಮಗ್ರ ವ್ಯಾಪ್ತಿ. ಹೆಸರಿಗೆ ತಕ್ಕಂತೆ ಹಲವು ದಶಕಗಳ, ಹಲವು ಬಗೆಯ ಹಾಡುಗಳನ್ನು ದೊಡ್ಡ ಸಂಗ್ರಹದಿಂದ ಹೆಕ್ಕಿ ಹಾಕುವ ಸೇವೆ ಅದು. ಇಂಥ ಸೇವೆಗೆ ಬರುವವರು ಕಡಿಮೆ, ಬಂದವರು ಕೂರುವುದು ಹೆಚ್ಚು ಹೊತ್ತು. ಹೊಸ್ತಿಲಿನ ನಿಯಮವಾದರೋ ತಲೆಗಳನ್ನು ಎಣಿಸುತ್ತದೆ, ಕೂತ ಹೊತ್ತನ್ನಲ್ಲ. ಐದು ನಿಮಿಷ ತಿರುಗಿಸಿ ನೋಡಿ ಹೋದ ಹತ್ತು ಜನ ಇಡೀ ಸಂಜೆ ಕೂತು ಕೇಳಿದ ಇಬ್ಬರಿಗಿಂತ ಪಟ್ಟಿಯೊಳಕ್ಕೆ ಬರುವ ಬಾಗಿಲಲ್ಲಿ ಹೆಚ್ಚು ತೂಗುತ್ತಾರೆ. ವಿಶಿಷ್ಟ ಅಭಿರುಚಿಯ ಸಂಗೀತ ಉಪವಾಹಿನಿಗಳಿಗೇ ಸರಿಯುತ್ತಿರುವ ಕಾಲದಲ್ಲಿ ಈ ಅಳತೆಯು ಅವುಗಳ ವಿರುದ್ಧವೇ ವಾಲಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ದಾರಿಗಳ ಸ್ವಭಾವ

ಮೂರು ದಾರಿಗಳೂ ಕೆಡುವ ರೀತಿ ಬೇರೆ ಬೇರೆ, ಮತ್ತು ಆ ವ್ಯತ್ಯಾಸ ನೇರವಾಗಿ ನಿಮಿಷಗಳ ಲೆಕ್ಕಕ್ಕೆ ಬಂದು ಸೇರುತ್ತದೆ. ಟ್ರಾನ್ಸ್‌ಲೇಟರ್‌ನಿಂದ ದೂರ ಸರಿದಂತೆ ದನಿಯಲ್ಲಿ ಗರಗರ ಹೆಚ್ಚುತ್ತದೆ. ಕೇಳುವ ಮನಸ್ಸಿದ್ದವನು ಒಂದಷ್ಟು ದೂರ ಸಹಿಸಿಕೊಂಡು ಕೇಳುತ್ತಾನೆ. ಎಚ್‌ಡಿ ಉಪವಾಹಿನಿ ಹಾಗಲ್ಲ. ಮೂಲ ವಾಹಿನಿಯ ಡಿಜಿಟಲ್ ಕಡಿದುಹೋದರೆ ರೇಡಿಯೋ ತಾನಾಗಿ ಅನಲಾಗ್‌ಗೆ ಜಾರಿಕೊಳ್ಳುತ್ತದೆ, ಕೇಳುಗನಿಗೆ ಗೊತ್ತೇ ಆಗುವುದಿಲ್ಲ. ಉಪವಾಹಿನಿಗೆ ಹಿಂದೆ ನಿಲ್ಲುವ ಅನಲಾಗ್ ಇಲ್ಲ, ಆದ್ದರಿಂದ ಒಮ್ಮೆಲೇ ಮೌನ. ವಾಷಿಂಗ್ಟನ್‌ನಿಂದ ಬರುವ ಸಂಕೇತವನ್ನು ಹಿಡಿದು ಫ್ರೆಡರಿಕ್‌ನ ಪಶ್ಚಿಮಕ್ಕಿರುವ ಕಟೋಕ್ಟಿನ್ ಬೆಟ್ಟಸಾಲಿನ ಏರಿಳಿತದಲ್ಲಿ ಕಾರು ಓಡಿಸುವವನಿಗೆ ಎರಡು ಮೂರು ಮೌನಗಳಾದ ಮೇಲೆ ಬೇರೆ ಕೇಂದ್ರಕ್ಕೆ ಕೈ ಹೋಗುವುದು ಸಹಜ. ಕಾಲು ಗಂಟೆಯಲ್ಲಿ ಐದು ನಿಮಿಷ ಕೂಡುವ ಮೊದಲೇ ಅವನ ಕೇಳುವಿಕೆ ಲೆಕ್ಕದಿಂದ ಜಾರಿಬಿಡುತ್ತಿತ್ತು. ಮೂರು ನಿಮಿಷದ ಹೊಸ ನಿಯಮ ಇಂಥ ಹರಕು ಕೇಳುವಿಕೆಗೆ ಸ್ವಲ್ಪ ಉಪಕಾರ ಮಾಡುತ್ತದೆಂದು ನಿರೀಕ್ಷಿಸಬಹುದು.

820ರ ಡಿಜಿಟಲ್‌ನದು ಮತ್ತೊಂದು ಬಗೆ. ಎಎಂ ಪಟ್ಟಿಯ ಕೆಳಭಾಗದ ತರಂಗಗಳು ನೆಲ ಹಿಡಿದು ದೂರ ಸಾಗುತ್ತವೆ, ಗುಡ್ಡಕ್ಕೆ ಎಫ್‌ಎಂನಷ್ಟು ಅಂಜುವುದಿಲ್ಲ. ಹಗಲಿನಲ್ಲಿ ಅದರ ಹರವು 94.3ರ ಪುಟ್ಟ ವೃತ್ತಕ್ಕಿಂತ ಬಹಳ ದೊಡ್ಡದು. ಆದರೆ ಆ ಹರವಿನೊಳಗೆ ಅದನ್ನು ಬಿಡಿಸಿ ಕೇಳಬಲ್ಲವರು ಎಚ್‌ಡಿ ರೇಡಿಯೋ ಇರುವವರು ಮಾತ್ರ, ಮತ್ತು ಅಂಥ ರೇಡಿಯೋ ಬಹುಪಾಲು ಕಾರುಗಳಲ್ಲೇ ಇದೆ. ಹೀಗಾಗಿ ಈ ಕೇಂದ್ರದ ನಿಜವಾದ ಕೇಳುಗ ವಲಯವನ್ನು ನಕ್ಷೆಯ ಮೇಲೆ ವೃತ್ತವಾಗಿ ಬರೆಯಲು ಬರುವುದಿಲ್ಲ: ಊರೊಳಗೆ ಎಲ್ಲ ರೇಡಿಯೋಗಳು, ಊರಾಚೆ ಹೆದ್ದಾರಿಯ ಮೇಲೆ ಹೊಸ ಕಾರುಗಳು.

ಇನ್ನೊಂದು ಸೂಕ್ಷ್ಮ. ಎಎಂ ಡಿಜಿಟಲ್‌ನಲ್ಲಿ ಇಡೀ ಸ್ಟೀರಿಯೋ ದನಿ ಸೆಕೆಂಡಿಗೆ ಸುಮಾರು 40 ಕಿಲೋಬಿಟ್‌ಗಳಲ್ಲಿ ಅಡಗಬೇಕು. ಅಷ್ಟು ಇಕ್ಕಟ್ಟಿನಲ್ಲಿ ದನಿಯನ್ನು ಹಿಂಡುವ ತಂತ್ರ, ಕಿವಿಗೆ ಕೇಳಿಸದ್ದನ್ನು ಮೊದಲು ಕಿತ್ತೆಸೆಯುತ್ತದೆ. ಮೀಟರ್‌ನ ಗುರುತು ಬದುಕಿರುವುದೂ ಕಿವಿಗೆ ಕೇಳಿಸದ ಜಾಗದಲ್ಲೇ. ಗುರುತು ಎಷ್ಟು ಗಟ್ಟಿಯಾಗಿ ದಾಟುತ್ತದೆ ಎಂಬುದು ಕಾಲ್ಪನಿಕ ಚಿಂತೆಯಲ್ಲ. 2014–15ರಲ್ಲಿ ವೋಲ್ಟೇರ್ ಎಂಬ ಸಾಧನ ಮಾರುಕಟ್ಟೆಗೆ ಬಂದು, ದನಿಯಲ್ಲಿ ಗುರುತನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡಿದರೆ ರೇಟಿಂಗ್ ಏರುತ್ತದೆಂಬ ನಂಬಿಕೆಯಿಂದ ಅನೇಕ ಕೇಂದ್ರಗಳು ಅದನ್ನು ಕೊಂಡಾಗ ಇಡೀ ಉದ್ಯಮದಲ್ಲಿ ದೊಡ್ಡ ಚರ್ಚೆ ನಡೆಯಿತು. 2015ರ ಕೊನೆಯಲ್ಲಿ ನೀಲ್ಸನ್ ತನ್ನ ಗುರುತಿನ ವ್ಯವಸ್ಥೆಯನ್ನೇ ಬಲಪಡಿಸಿತು. ಆದ್ದರಿಂದ ತನ್ನ ಪ್ರತಿ ದಾರಿಯ ಕೊನೆಯಲ್ಲೂ, ಸ್ಟುಡಿಯೋದಲ್ಲಲ್ಲ, ನಿಜವಾದ ಕಾರಿನ ಸ್ಪೀಕರ್ ಮುಂದೆ, ಗುರುತು ಓದಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು ಇಂಥ ಕೇಂದ್ರದ ಮೊದಲ ಕರ್ತವ್ಯವಾಗಬೇಕು.

ಡೈರಿಯ ಕತೆ ತದ್ವಿರುದ್ಧ. ಡೈರಿ ಬರೆಯುವವನಿಗೆ ಎನ್‌ಕೋಡರ್ ಗೊತ್ತಿಲ್ಲ, ನೆನಪಿರುವ ಹೆಸರು ಮಾತ್ರ ಗೊತ್ತು. ಕೇಂದ್ರವು ತನ್ನನ್ನು 94.3 ಎಂದೇ ಸಾರಿಕೊಂಡರೆ, 820ರ ಡಿಜಿಟಲ್‌ನಲ್ಲಿ ಕೇಳಿದವನೂ 94.3 ಎಂದೇ ಬರೆಯುತ್ತಾನೆ. ಟ್ರಾನ್ಸ್‌ಲೇಟರ್‌ನ ಪುಟ್ಟ ವೃತ್ತದ ಆಚೆಯಿಂದ ಬಂದ 94.3 ಎಂಬ ಬರಹವೇ ಡಿಜಿಟಲ್ ಕೇಳುಗನ ಸುಳಿವು. ಕಾಗದದ ಮೇಲಿನ ತಪ್ಪಿನಲ್ಲೇ ಮಾಹಿತಿ ಅಡಗಿರುವುದನ್ನು ಗುರುತಿಸುವ ತಾಳ್ಮೆ ಬೇಕು.

ಏನು ಮಾಡಬಹುದಿತ್ತು

ನನ್ನ ತೀರ್ಮಾನದಲ್ಲಿ, ಜಾಹೀರಾತುದಾರರ ಮುಂದಿಡುವ ಸಂಖ್ಯೆ ಮತ್ತು ತಾನೇ ತಿಳಿಯಬೇಕಾದ ಸಂಖ್ಯೆ ಎರಡನ್ನೂ ಒಂದೇ ಸಾಧನದಿಂದ ಪಡೆಯುವ ಆಸೆಯನ್ನು ಇಂಥ ಕೇಂದ್ರ ಬಿಡಬೇಕು. ರೇಟಿಂಗ್‌ಗಾಗಿ ಎಲ್ಲ ದಾರಿಗಳಿಗೂ ಒಂದೇ ಗುರುತು ಇಟ್ಟು, ಲೆಕ್ಕ ಕೂಡಿ ಬರಲಿ ಎಂದು ಬಿಡುವುದು ಸರಿ. ಸಾರ್ವಜನಿಕ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ನೀಲ್ಸನ್‌ಗೆ ಚಂದಾ ಕೊಟ್ಟ ಕೇಂದ್ರಗಳು ಮಾತ್ರವಾದ್ದರಿಂದ, ಚಂದಾ ಹಣಕ್ಕೆ ತಕ್ಕ ಪ್ರತಿಫಲ ಇದೆಯೇ ಎಂಬುದನ್ನು ಸಣ್ಣ ಕೇಂದ್ರ ಪ್ರತಿವರ್ಷವೂ ಕೇಳಿಕೊಳ್ಳಬೇಕು.

820ರಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಬೇರೆ ಸಾಧನಗಳಿವೆ. ಎಚ್‌ಡಿ ರೇಡಿಯೋ ತಂತ್ರಜ್ಞಾನದ ಈಗಿನ ಒಡೆಯ ಎಕ್ಸ್‌ಪೆರಿ ಸಂಸ್ಥೆಯ ಡಿಟಿಎಸ್ ಆಟೋಸ್ಟೇಜ್ ವ್ಯವಸ್ಥೆಯು ಅಂತರಜಾಲಕ್ಕೆ ಜೋಡಿಸಿದ ಕಾರುಗಳಿಂದ, ಯಾವ ಕೇಂದ್ರವನ್ನು ಯಾವ ಪ್ರದೇಶದಲ್ಲಿ ಕೇಳಲಾಗುತ್ತಿದೆ ಎಂಬ ಮಾಹಿತಿಯನ್ನು ಪ್ರಸಾರಕರಿಗೆ ನಕ್ಷೆಯ ರೂಪದಲ್ಲಿ ಕೊಡುತ್ತದೆ. ಅದು ಇಡೀ ಜನಸಮೂಹದ ಮಾದರಿಯಲ್ಲ, ಆ ವ್ಯವಸ್ಥೆ ಇರುವ ಕಾರುಗಳ ಲೆಕ್ಕ ಮಾತ್ರ. ಆದರೆ 820ರ ಡಿಜಿಟಲ್ ಕೇಳುಗರು ಇರುವುದೇ ಹೊಸ ಕಾರುಗಳಲ್ಲಾದ್ದರಿಂದ ಈ ಪ್ರಶ್ನೆಯ ಮಟ್ಟಿಗೆ ಆ ಕೊರತೆ ಅಷ್ಟು ದೊಡ್ಡದಲ್ಲ. ಇದಕ್ಕಿಂತ ಸರಳವಾದ ಉಪಾಯವೆಂದರೆ ಕೇಳುಗರನ್ನೇ ಕೇಳುವುದು: ನೀವು ಈಗ ಕೇಳುತ್ತಿರುವುದು ಮನೆಯಲ್ಲೋ ಕಾರಿನಲ್ಲೋ, ಪರದೆಯ ಮೇಲೆ ಹಾಡಿನ ಹೆಸರು ಕಾಣುತ್ತಿದೆಯೋ ಇಲ್ಲವೋ, ಯಾವ ಊರಿನಿಂದ? ಪ್ರತಿ ದಾರಿಯಲ್ಲೂ ಬೇರೆ ಬೇರೆ ಸಂಕೇತಪದ ಹೇಳಿ ಉತ್ತರ ಪಡೆಯುವ ಆಸೆ ಹುಟ್ಟಬಹುದು. ಹಾಗೆ ಮಾಡಿದರೆ ಪ್ರಸಾರ ಸಂಪೂರ್ಣ ಒಂದೇ ಆಗಿರಬೇಕೆಂಬ ಕೂಡಿಕೆಯ ಷರತ್ತೇ ಮುರಿದುಬೀಳುತ್ತದೆ.

ಕನ್ನಡ ಓದುಗರಿಗೆ ಇದು ದೂರದ ಮಾತಲ್ಲ. ನಮ್ಮಲ್ಲಿ ಖಾಸಗಿ ಎಫ್‌ಎಂ ಕೇಳುಗರ ಅಳತೆಗೆ ಬಂದ ಆರ್‌ಎಎಂ ವ್ಯವಸ್ಥೆಯು ಡೈರಿಯನ್ನೇ ನೆಚ್ಚಿಕೊಂಡಿತ್ತು; ಅದು ಅಳೆದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. 2025ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ಶಿಫಾರಸಿನಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಖಾಸಗಿ ಡಿಜಿಟಲ್ ಬಾನುಲಿಯ ಆರಂಭದ ಮಾತಿದೆ. ಒಂದೇ ತರಂಗಾಂತರದಲ್ಲಿ ಒಂದು ಅನಲಾಗ್ ವಾಹಿನಿಯ ಜೊತೆಗೆ ಮೂರು ಡಿಜಿಟಲ್ ವಾಹಿನಿಗಳು ಬರುವ ಆ ದಿನ, ‘ಯಾವ ಅಂಕಿಯ ಎಫ್‌ಎಂ ಕೇಳುತ್ತೀರಿ’ ಎಂದು ಡೈರಿಯಲ್ಲಿ ಕೇಳಿದರೆ ಬೆಂಗಳೂರಿನ ಕೇಳುಗ ಬರೆಯುವ ಅಂಕಿ ನಾಲ್ಕು ವಾಹಿನಿಗಳಲ್ಲಿ ಯಾವುದಕ್ಕೆ ಸೇರಬೇಕು ಎಂಬುದನ್ನು ಪ್ರಸಾರಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಫ್ರೆಡರಿಕ್‌ನ ಪ್ರಯೋಗಕ್ಕೆ ಬಂದರೆ, 2019ರ ನವೆಂಬರ್‌ನಲ್ಲಿ ಎಫ್‌ಸಿಸಿ ಎಲ್ಲ ಎಎಂ ಕೇಂದ್ರಗಳಿಗೂ ಶುದ್ಧ ಡಿಜಿಟಲ್‌ನ ಅವಕಾಶ ಕೊಡುವ ಪ್ರಸ್ತಾವ ಮುಂದಿಟ್ಟಿತು, 2020ರ ಅಕ್ಟೋಬರ್ 27ರಂದು ಅದನ್ನು ಅಂಗೀಕರಿಸಿತು. ಬಯಸಿದ ಕೇಂದ್ರ 30 ದಿನ ಮುಂಚಿತವಾಗಿ ತಿಳಿಸಿ ಬದಲಾಗಬಹುದು. ಕನಿಷ್ಠ ಒಂದು ಉಚಿತ ಡಿಜಿಟಲ್ ವಾಹಿನಿಯನ್ನು ಹಳೆಯ ಅನಲಾಗ್‌ಗೆ ಕಡಿಮೆಯಿಲ್ಲದ ಗುಣಮಟ್ಟದಲ್ಲಿ ಕೊಡಬೇಕು. ಆ ನಿರ್ಧಾರದ ಮುಖ್ಯ ಆಧಾರಗಳಲ್ಲಿ ಒಂದು, ಕಾರಿನಲ್ಲಿ ರೇಡಿಯೋ ಹಚ್ಚಿಕೊಂಡು ರಸ್ತೆ ರಸ್ತೆ ಸುತ್ತಿ ಸಂಕೇತ ಎಲ್ಲಿಯವರೆಗೆ ಸಿಗುತ್ತದೆಂದು ದಾಖಲಿಸಿದ ಪರೀಕ್ಷೆಗಳು.